ಮಾಹಿತಿ ಹಕ್ಕು: ನಕಲು ಕೇಳುವುದೋ, ಕಡತವನ್ನೇ ನೋಡುವುದೋ?

ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ ಅರ್ಜಿ ಸಲ್ಲಿಸುವವರು ದಾಖಲೆಗಳ ನಕಲು ಕೇಳಬಹುದು, ಇಲ್ಲವೇ ಕಚೇರಿಗೆ ಹೋಗಿ ಕಡತವನ್ನೇ ಪರಿಶೀಲಿಸಬಹುದು. ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ಎರಡಕ್ಕೂ ಅರ್ಜಿ ಶುಲ್ಕ 10 ರೂಪಾಯಿ. ಉತ್ತರಕ್ಕೆ ಸಾಮಾನ್ಯವಾಗಿ 30 ದಿನಗಳ ಗಡುವು.

ಬೇಕಾದ ಪತ್ರ ಯಾವುದೆಂದು ಖಚಿತವಾಗಿ ಗೊತ್ತಿದ್ದರೆ ನಕಲೇ ಸುಲಭ. ಪುಟಕ್ಕೆ 2 ರೂಪಾಯಿಯಂತೆ ಕಟ್ಟಿದರೆ ಅಂಚೆಯಲ್ಲಿ ಮನೆಗೆ ಬರುತ್ತದೆ. ಆದರೆ ಕಡತದಲ್ಲಿ ಏನಿದೆ ಎಂಬುದೇ ತಿಳಿಯದೆ "ಸಂಬಂಧಪಟ್ಟ ಎಲ್ಲ ದಾಖಲೆಗಳು" ಎಂದು ಬರೆದರೆ, ಅರ್ಜಿ ಅಸ್ಪಷ್ಟವಾಗಿದೆ ಎಂಬ ಹಿಂಬರಹವೋ, ನೂರಾರು ಪುಟಗಳ ಶುಲ್ಕ ಕಟ್ಟಿರೆಂಬ ಪತ್ರವೋ ಕೈಸೇರಬಹುದು. ಅಂಥಲ್ಲಿ ಪರಿಶೀಲನೆಯೇ ಮೇಲು ಎಂಬುದು ನನ್ನ ಅಭಿಪ್ರಾಯ. ಮೊದಲ ಗಂಟೆಗೆ ಶುಲ್ಕವಿಲ್ಲ, ಅನಂತರ ಗಂಟೆಗೆ 5 ರೂಪಾಯಿ. ನಿಜವಾದ ಲಾಭವಿರುವುದು ಟಿಪ್ಪಣಿ ಹಾಳೆಗಳಲ್ಲಿ: ಗುಮಾಸ್ತರು ಏನು ಬರೆದರು, ಮೇಲಧಿಕಾರಿ ಯಾವ ದಿನ ಸಹಿ ಮಾಡಿದರು, ಕಡತ ಯಾರ ಮೇಜಿನ ಮೇಲೆ ಎಷ್ಟು ದಿನ ಕುಳಿತಿತ್ತು ಎಂಬುದೆಲ್ಲ ಅಲ್ಲಿ ಕಣ್ಣಿಗೆ ಬೀಳುತ್ತದೆ. ಪುಟಸಂಖ್ಯೆ ಗುರುತು ಹಾಕಿಕೊಂಡು ಆ ಹಾಳೆಗಳ ನಕಲನ್ನಷ್ಟೇ ಪಡೆಯಬಹುದು.

ಕಚೇರಿ ದೂರವಿದ್ದು, ರಜೆ ಹಾಕಲೂ ಆಗದವರಿಗೆ ನಕಲಿನ ದಾರಿಯೊಂದೇ ಉಳಿಯುತ್ತದೆ. ಅವರು ಮೊದಲ ಅರ್ಜಿಯಲ್ಲಿ ಅವಧಿಯನ್ನು ನಮೂದಿಸಿ, ಟಿಪ್ಪಣಿ ಹಾಳೆಗಳನ್ನು ಮಾತ್ರ ಕೇಳುವುದು ಒಳಿತು.