4,200 ರೂಪಾಯಿಯ ಗಾಳಿ ಮೀಟರ್: ಮೂರು ತಿಂಗಳು ಬಳಸಿದ ಮೇಲೆ

ಮಗಳಿಗೆ ಆರು ವರ್ಷ. ರಾತ್ರಿಯಾದರೆ ಕೆಮ್ಮು, ಎದೆಯಲ್ಲಿ ಸುಂಯ್ ಅನ್ನೋ ಸದ್ದು. ನಮ್ಮ ಮನೆ ಕಲಬುರಗಿಯಲ್ಲಿ ಹುಮನಾಬಾದ್ ರಸ್ತೆ ಕಡೆ, ಕಪನೂರ ಹತ್ತಿರ. ದಾಲ್ ಮಿಲ್ಲು, ಲಾರಿ, ಧೂಳು. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ, ಗಾಳಿ ಕೆಟ್ಟಿರೋ ಊರುಗಳ ಪಟ್ಟಿಯಲ್ಲಿ ನಮ್ಮೂರೂ ಇದೆ, ಹಾಗಾಗಿ ತಪ್ಪೆಲ್ಲ ರಸ್ತೆಯದ್ದೇ ಅಂತ ತೀರ್ಮಾನ ಮಾಡಿಬಿಟ್ಟಿದ್ದೆ. ಅದನ್ನ ಸಾಬೀತು ಮಾಡೋಕೆ ಅಂತಲೇ ಪಿಎಂ 2.5, ಅಂದರೆ ಗಾಳಿಯಲ್ಲಿರೋ 2.5 ಮೈಕ್ರಾನ್‌ವರೆಗಿನ ಸಣ್ಣ ಕಣ ಎಷ್ಟಿದೆ ಅಂತ ತೋರಿಸುವ ಈ ಮೀಟರ್ ತರಿಸಿದ್ದು.

ಅವ್ವ ನೋಡಿದ ಕೂಡಲೇ ಹೇಳಿದ್ದು: "ಗಾಳಿ ಅಳ್ಯಾಕ ರೊಕ್ಕ ಕೊಟ್ಟು ಡಬ್ಬಿ ತಂದಿಯಲ್ಲೋ!"

ಒಳಗೆ ಒಂದು ಪುಟ್ಟ ಫ್ಯಾನ್ ಇದೆ, ಅದು ಗಾಳಿ ಎಳೆದುಕೊಳ್ಳುತ್ತೆ, ಲೇಸರ್ ಬೆಳಕು ಕಣಗಳಿಗೆ ತಾಗಿ ಚದುರಿದ್ದನ್ನ ಎಣಿಸಿ ಅಂಕಿ ಕೊಡುತ್ತೆ. ನಮ್ಮ ದೇಶದ ಮಿತಿ ಒಂದು ಘನ ಮೀಟರ್ ಗಾಳಿಗೆ ದಿನದ ಸರಾಸರಿ 60 ಮೈಕ್ರೋಗ್ರಾಂ, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ಮೊದಲ ದಿನ ಮೀಟರನ್ನ ರಸ್ತೆ ಕಡೆ ಕಿಟಕಿಯಲ್ಲಿಟ್ಟೆ. 48. ನಂಬಿಕೆ ಬರಲಿಲ್ಲ. ರಾತ್ರಿ ಮಗಳ ಕೋಣೆಗೆ ತಂದಿಟ್ಟು, ಎಂದಿನಂತೆ ಬಾಗಿಲು ಹಾಕಿ ಸೊಳ್ಳೆ ಬತ್ತಿ ಹಚ್ಚಿದೆವು. ಅರ್ಧ ಗಂಟೆಯಲ್ಲಿ ಮೀಟರಿನ ಪರದೆ ಕೆಂಪಾಗಿ 400 ದಾಟಿತ್ತು.

ಆಮೇಲೆ ಓದಿದಾಗ ಗೊತ್ತಾಯ್ತು, ಒಂದು ಬತ್ತಿಯಿಂದ ಬರೋ ಸಣ್ಣ ಕಣ 75ರಿಂದ 137 ಸಿಗರೇಟಿನಷ್ಟು ಅಂತ ಅಧ್ಯಯನವೇ ಇದೆ. ಮಕ್ಕಳ ಡಾಕ್ಟರ್ ಹೇಳಿದ್ದೂ ಆಗ ನೆನಪಾಯ್ತು: ಮಕ್ಕಳು ನಮಗಿಂತ ಬೇಗ ಬೇಗ ಉಸಿರಾಡುತ್ತಾರೆ, ತೂಕಕ್ಕೆ ಹೋಲಿಸಿದರೆ ಜಾಸ್ತಿ ಗಾಳಿ ಒಳಗೆ ಹೋಗುತ್ತೆ, ಶ್ವಾಸಕೋಶ ಇನ್ನೂ ಬೆಳೀತಾ ಇರುತ್ತೆ. ನಾವು ಸುಮ್ನೆ ಲಾರಿಗಳನ್ನ ಬೈತಾ ಕೂತಿದ್ದೆವು.

ಊದಿನಕಡ್ಡಿಗೂ ಅಂಕಿ ಏರುತ್ತೆ. ರೊಟ್ಟಿ ಸುಡುವಾಗ ಹಂಚಿನ ಮೇಲೆ ಹಿಟ್ಟು ಕರಕಾದರಂತೂ ಅಡುಗೆಮನೆಯಲ್ಲಿ 200ರ ಮೇಲೆ. ಈಗ ಸೊಳ್ಳೆ ಪರದೆ ಕಟ್ಟುತ್ತೇವೆ, ರೊಟ್ಟಿ ಮಾಡುವಾಗ ಕಿಟಕಿ ತೆಗೆದಿಡುತ್ತೇವೆ. ಅವ್ವನೇ ಕೂಗುತ್ತಾಳೆ, "ಡಬ್ಬಿ ಕೆಂಪಗಾಗ್ಯಾದ, ಖಿಡಕಿ ತಗಿ!" ಮಗಳ ಕೆಮ್ಮು ಕಮ್ಮಿಯಾಗಿದೆ. ಆದರೆ ಅದೇ ವಾರ ಸ್ಪೇಸರ್ (ಔಷಧಿ ಸರಿಯಾಗಿ ಒಳಗೆ ಹೋಗಲಿ ಅಂತ ಇನ್ಹೇಲರಿಗೆ ಸಿಕ್ಕಿಸೋ ಕೊಳವೆ) ಇಟ್ಟು ಇನ್ಹೇಲರ್ ಕೂಡ ಶುರು ಮಾಡಿದ್ದೆವು, ಹಾಗಾಗಿ ಪೂರ್ತಿ ಶ್ರೇಯಸ್ಸು ಮೀಟರಿಗೆ ಕೊಡಲ್ಲ.

ಇನ್ನು ಕೊರತೆ. ಇದಕ್ಕೆ ದಪ್ಪ ಧೂಳು ಸರಿಯಾಗಿ ಕಾಣೋದೇ ಇಲ್ಲ. ಏಪ್ರಿಲ್‌ನಲ್ಲಿ ಒಂದು ಸಂಜೆ ಬಿರುಗಾಳಿ ಎದ್ದು ಎದುರಿನ ಮನೆ ಕಾಣದಷ್ಟು ಧೂಳು, ಹಲ್ಲಲ್ಲಿ ಮರಳು ಕರಕರ, ಮೀಟರ್ ಮಾತ್ರ ಹಸಿರು ತೋರಿಸ್ತಾ ಆರಾಮಾಗಿ ಕೂತಿತ್ತು. ಇಂಥ ಕಡಿಮೆ ಬೆಲೆಯ ಲೇಸರ್ ಸೆನ್ಸರ್‌ಗಳೆಲ್ಲ ಸಣ್ಣ ಹೊಗೆ ಕಣ ಹಿಡಿಯೋದರಲ್ಲೇ ಹುಷಾರು. ಅಂದರೆ ಪಿಎಂ 10 (10 ಮೈಕ್ರಾನ್‌ವರೆಗಿನ, ದಪ್ಪ ಧೂಳೂ ಸೇರಿದ ಕಣ) ಅಂತ ತೋರಿಸೋ ಅಂಕಿ ಬರೀ ಅಂದಾಜು, ಕಿಟಕಿಯಲ್ಲಿ ಬಂದ 48ನ್ನ ನೋಡಿ ರಸ್ತೆ ನಿರಪರಾಧಿ ಅಂತಲೂ ಹೇಳೋಕಾಗಲ್ಲ. ಶಹಾಬಾದ್, ವಾಡಿ ಕಡೆ ಕಲ್ಲಿನ ಧೂಳು, ಸಿಮೆಂಟ್ ಧೂಳು ಅಳೆಯಬೇಕು ಅಂತಿದ್ದರೆ ಇದನ್ನ ನಂಬಿ ಕೂರಬೇಡಿ. ಮಳೆ ಬಂದು ಗಾಳಿ ತೇವ ಆದರೆ ಉಲ್ಟಾ, ಇರೋದಕ್ಕಿಂತ ಜಾಸ್ತಿ ತೋರಿಸುತ್ತೆ. ಇಂಗಾಲದ ಡೈಆಕ್ಸೈಡ್ ಅಂತ ಇನ್ನೊಂದು ಅಂಕಿ ಬರುತ್ತಲ್ವಾ, ಅದಕ್ಕೆ ಬೇರೆ ಸೆನ್ಸರ್ರೇ ಇಲ್ಲ, ನೋಡಲೇಬೇಡಿ.

ಬ್ಯಾಟರಿ ಮೂರು ಗಂಟೆಯೂ ಬರಲ್ಲ, ಕೇಬಲ್ ಗಿಡ್ಡ. ಐದಕ್ಕೆ ಮೂರು ಸ್ಟಾರ್.