ಸಾವಿರ ಗಜದ ಶೂಟಿಂಗ್‌ಗೆ ಸ್ಕೋಪ್ ಕೊಳ್ಳುತ್ತಿದ್ದೀರಾ? ಮೊದಲು ಟೇಪು ಹಿಡಿದು ಅಳೆಯಿರಿ

ಅಮೆರಿಕದಲ್ಲಿದ್ದು ಎಫ್-ಕ್ಲಾಸ್ ಶೂಟಿಂಗ್‌ಗೆ ಇಳಿಯಬೇಕು ಅಂತಿರುವ ಕನ್ನಡದವರು ಯಾರಾದರೂ ಇದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ರೈಫಲ್‌ಗೆ, ಗುಂಡಿಗೆ, ಪ್ರಾಕ್ಟೀಸಿಗೆ ಎಷ್ಟೇ ದುಡ್ಡು ಸುರಿಯಿರಿ, ಮೇಲೆ ಕೂತಿರುವ ಸ್ಕೋಪಿನ, ಅಂದರೆ ಗುರಿ ನೋಡುವ ದುರ್ಬೀನಿನ, ಲೆಕ್ಕ ತಪ್ಪಿದ್ದರೆ ಎಲ್ಲವೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ನನಗೆ ಆಗಿದ್ದು ಅದೇ. ಅಂಗಡಿಯ ಹೆಸರು ಹಾಕುತ್ತಿಲ್ಲ, ಆದರೆ ನಡೆದಿದ್ದನ್ನು ಇದ್ದ ಹಾಗೇ ಬರೆಯುತ್ತೇನೆ.

ಊರಲ್ಲಿರುವವರಿಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಒಲಿಂಪಿಕ್ಸ್‌ನಲ್ಲಿ ನೋಡುವ ರೈಫಲ್ ಸ್ಪರ್ಧೆ, ಅಂದರೆ 2008ರಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದರಲ್ಲ, ಅಲ್ಲಿ ಸ್ಕೋಪ್ ಹಾಕುವ ಹಾಗೇ ಇಲ್ಲ. ಎಫ್-ಕ್ಲಾಸ್ ಬೇರೆ. ಕೆನಡಾದ ಜಾರ್ಜ್ ಫಾರ್ಕರ್‌ಸನ್ ಅವರ ಹೆಸರಿನಿಂದ ಬಂದ ಎಫ್ ಅದು. ನೆಲಕ್ಕೆ ಮಲಗಿ, ಸ್ಕೋಪ್ ಇಟ್ಟುಕೊಂಡು, ಸಾವಿರ ಗಜದವರೆಗೂ ಹೊಡೆಯಬೇಕು. ನಾನು ಹೊಡೆಯುವುದು ಎಫ್-ಟಿಆರ್: .223 ಇಲ್ಲವೇ .308 ಅಳತೆಯ ಗುಂಡು ಮಾತ್ರ, ಮುಂದೆ ಬೈಪಾಡ್ ಅನ್ನುವ ಎರಡು ಕಾಲಿನ ಆಸರೆ, ಸ್ಕೋಪೂ ಸೇರಿ ಒಟ್ಟು ತೂಕ 8.25 ಕೆಜಿ ದಾಟುವಂತಿಲ್ಲ. ಸಾವಿರ ಗಜದ ಬೋರ್ಡು ಆರಡಿಗೆ ಆರಡಿ. ಅದರಲ್ಲಿ ಹತ್ತು ಅಂಕದ ಸುತ್ತು ಹತ್ತೇ ಇಂಚು ಅಗಲ, ಒಳಗಿನ ಎಕ್ಸ್ ಐದು ಇಂಚು.

ಆ ಅಂಗಡಿಯ ಪೇಜಿನಲ್ಲಿ ಸ್ಕೋಪಿನ ಬಗ್ಗೆ ಬೇಕಾದ್ದೆಲ್ಲ ಬರೆದಿತ್ತು. ದೊಡ್ಡ ಕಂಪನಿಯ ಮಾಲು, ಹೊಸ ಪೀಸು, ಕಂಪನಿಯ ಜೀವಮಾನ ವಾರಂಟಿ, ಮೇಲೆ ಕೆಳಗೆ ಒಟ್ಟು 60 ಎಂಓಎ ತಿರುಗುತ್ತದೆ ಅಂತ. ಎಂಓಎ ಅಂದರೆ ಕೋನದ ಅಳತೆ, ನೂರು ಗಜದಲ್ಲಿ ಒಂದು ಎಂಓಎ ಸುಮಾರು ಒಂದು ಇಂಚು; ಗುರಿ ಎಷ್ಟು ಏರಿಸಬೇಕು ಅನ್ನುವುದನ್ನು ಅದರಲ್ಲೇ ಲೆಕ್ಕ ಹಾಕುತ್ತೇವೆ. ನನ್ನ ರೈಫಲ್ ಮೇಲೆ 20 ಎಂಓಎ ಇಳಿಜಾರಿನ ರೈಲ್, ಅಂದರೆ ಸ್ಕೋಪ್ ಕೂರಿಸುವ ಪಟ್ಟಿ, ಮೊದಲೇ ಇತ್ತು. ಲೆಕ್ಕ ಸರಿಯಾಗಿತ್ತು: 60ರಲ್ಲಿ ಅರ್ಧ 30, ಅದಕ್ಕೆ ರೈಲಿನ 20 ಸೇರಿದರೆ ಹತ್ತಿರ ಹತ್ತಿರ 50. ನೂರು ಗಜಕ್ಕೆ ಝೀರೋ ಮಾಡಿದ, ಅಂದರೆ ಗುರಿ ಇಟ್ಟಲ್ಲೇ ಗುಂಡು ಬೀಳುವ ಹಾಗೆ ಹೊಂದಿಸಿದ, .308ಗೆ, 175 ಗ್ರೇನ್ ತೂಕದ ಗುಂಡಿಗೆ, ಸಾವಿರ ಗಜದಲ್ಲಿ ಬೇಕಾಗುವುದು ಸುಮಾರು 36ರಿಂದ 40 ಎಂಓಎ. ಬೇಕಾದಷ್ಟಾಯಿತು ಅಲ್ವಾ? ಬೆಲೆಯೂ ಬೇರೆ ಕಡೆಗಿಂತ ಸ್ವಲ್ಪವೇ ಕಡಿಮೆ. ಅನುಮಾನ ಬರುವಷ್ಟು ಅಗ್ಗ ಇರಲಿಲ್ಲ, ಮೋಸದ ಕಿಲಾಡಿತನ ಇರುವುದೇ ಅಲ್ಲಿ.

ನೂರು ಗಜದಲ್ಲಿ ಎಲ್ಲಾ ಚೆನ್ನಾಗಿತ್ತು. 600 ಗಜದಲ್ಲಿ ಗುಂಡು ಒಂದು ಗೇಣಿಗಿಂತ ಜಾಸ್ತಿಯೇ ಕೆಳಗೆ ಬಿತ್ತು. ಕ್ಲಬ್ಬಿನ ಹಿರಿಯರು ಗುಂಡಿನ ವೇಗದ ಅಂಕಿ ತಪ್ಪಿರಬೇಕು ಅಂದರು. ಎಲ್ಲರೂ ಮೊದಲು ಹೇಳುವುದು ಅದನ್ನೇ. ವೇಗ ಮತ್ತೆ ಅಳೆದೆ, ಸರಿಯಾಗೇ ಇತ್ತು.

ಆಮೇಲೆ ಸಾವಿರ ಗಜದ ಮ್ಯಾಚ್. 38 ಎಂಓಎ ತಿರುಗಿಸಿ ಮೊದಲ ಸೈಟರ್, ಅಂದರೆ ಅಂಕಕ್ಕೆ ಸೇರದ ಪರೀಕ್ಷೆಯ ಗುಂಡು, ಹೊಡೆದೆ. ಸಾಮಾನ್ಯವಾಗಿ ಗುಂಡು ಬಿದ್ದ ತಕ್ಷಣ ಬೋರ್ಡಿನ ಕೆಳಗಿನ ಪಿಟ್‌ನಲ್ಲಿ, ಅಂದರೆ ಹಳ್ಳದಲ್ಲಿ, ಇರುವವರು ಟಾರ್ಗೆಟ್ ಕೆಳಗೆ ಎಳೆದು, ತೂತಿಗೆ ಬಿಲ್ಲೆ ಸಿಕ್ಕಿಸಿ ಮತ್ತೆ ಮೇಲೆತ್ತುತ್ತಾರೆ. ಟಾರ್ಗೆಟ್ ಅಲ್ಲಾಡಲೇ ಇಲ್ಲ. ಗುಂಡು ಬಿದ್ದ ಗುರುತು ತೋರಿಸಿ ಅಂತ ಕೇಳಿದರೆ ಬೋರ್ಡಿನಲ್ಲಿ ತೂತೇ ಇಲ್ಲ ಅಂತ ಉತ್ತರ. ಪಕ್ಕದಲ್ಲಿ ದೂರದರ್ಶಕ ಹಿಡಿದಿದ್ದವರೊಬ್ಬರು ಬೋರ್ಡಿನ ಕೆಳಗೆ ಮಣ್ಣು ಹಾರಿದ್ದನ್ನು ನೋಡಿ ಹೇಳಿದರು. ನಾಲ್ಕು ಎಂಓಎ ಏರಿಸಿದ ಮೇಲೆ ಬೋರ್ಡಿಗೆ ಬಿತ್ತು, ಆದರೆ ನಿಲ್ಲಲಿಲ್ಲ. ಒಂದು ಒಂಬತ್ತರ ಮೇಲುಗಡೆ, ಮುಂದಿನದು ಏಳರ ಕೆಳಗಡೆ. ಗಾಳಿಯ ತಪ್ಪಾದರೆ ಎಡಬಲಕ್ಕೆ ಹೋಗಬೇಕು, ಇದು ಮೇಲೆ ಕೆಳಗೆ ಕುಣಿಯುತ್ತಿತ್ತು.

ಮುಂದಿನ ವಾರ ಟಾಲ್ ಟಾರ್ಗೆಟ್ ಪರೀಕ್ಷೆ ಮಾಡಿದೆ. ಇದನ್ನು ಸ್ಕೋಪ್ ಕೊಂಡ ಯಾರೇ ಆದರೂ ಮಾಡಲೇಬೇಕು. ನಾಲ್ಕಡಿ ಉದ್ದದ ಕಾಗದದ ಮೇಲೆ ತೂಗುಗುಂಡು ಬಿಟ್ಟು ನೇರ ಗೆರೆ ಎಳೆಯಿರಿ. ಸ್ಕೋಪಿನಿಂದ ಕಾಗದದವರೆಗೆ ಸರಿಯಾಗಿ 300 ಅಡಿ ಇರಬೇಕು, ಟೇಪು ಹಿಡಿದೇ ಅಳೆಯಿರಿ. ರೇಂಜಿನಲ್ಲಿ ನೆಟ್ಟ ನೂರು ಗಜದ ಗೂಟವನ್ನು ನಂಬಬೇಡಿ, ಐದು ಗಜ ಹೆಚ್ಚುಕಮ್ಮಿ ಆದರೆ ಅಷ್ಟಕ್ಕೇ ಶೇಕಡಾ ಐದು ತಪ್ಪು ಬರುತ್ತದೆ. ಕೆಳಗಿನ ಚುಕ್ಕೆಗೆ ಗುರಿ ಇಟ್ಟು ಝೀರೋದಲ್ಲಿ ಒಂದು ಗುಂಪು ಹೊಡೆಯಿರಿ. ಗುರಿ ಅದೇ ಚುಕ್ಕೆಯಲ್ಲೇ ಇಟ್ಟು 30 ಎಂಓಎ ಏರಿಸಿ ಇನ್ನೊಂದು ಗುಂಪು. ನೂರು ಗಜದಲ್ಲಿ ಒಂದು ಎಂಓಎ ಅಂದರೆ 1.047 ಇಂಚು, ಹಾಗಾಗಿ ಎರಡು ಗುಂಪಿನ ನಡುವೆ 31.4 ಇಂಚು ಬರಬೇಕು. ನನಗೆ ಬಂದಿದ್ದು 28 ಇಂಚಿನ ಆಸುಪಾಸು. ಅಂದರೆ ಶೇಕಡಾ ಹತ್ತು ಖೋತಾ. ಸಾವಿರ ಗಜದಲ್ಲಿ 38 ಎಂಓಎಗೆ ಅದೇ ಹತ್ತು ಶೇಕಡಾ ಹಾಕಿ ನೋಡಿ, 40 ಇಂಚು ಕೆಳಗೆ. ಬೋರ್ಡಿನ ನಡುವಿನಿಂದ ಕೆಳಗಿನ ಅಂಚಿಗೆ ಇರುವುದೇ 36 ಇಂಚು. ಗುಂಡು ಮಣ್ಣಿಗೆ ಹೋಗದೆ ಇನ್ನೆಲ್ಲಿಗೆ ಹೋಗಬೇಕು?

ಮೇಲೆ ಕೆಳಗೆ ಕುಣಿದಿದ್ದಕ್ಕೂ ಕಾರಣ ಸಿಕ್ಕಿತು. ಟರೆಟ್, ಅಂದರೆ ಎಂಓಎ ಏರಿಸಿ ಇಳಿಸುವ ತಿರುಪು, ತಿರುಗಿಸುವ ದಿಕ್ಕು ಬದಲಿಸಿದಾಗ ಮೊದಲ ಎರಡು ಕ್ಲಿಕ್ ಟಕ್ ಟಕ್ ಅನ್ನುತ್ತಿದ್ದವು, ಆದರೆ ಕ್ರಾಸ್‌ಹೇರ್, ಅಂದರೆ ಸ್ಕೋಪಿನಲ್ಲಿ ಕಾಣುವ ಗುರಿಯ ಗೆರೆ, ಮಿಸುಕುತ್ತಿರಲಿಲ್ಲ. ಸ್ಕೋಪಿನ ಒಳಗೆ ಇನ್ನೊಂದು ಸಣ್ಣ ಕೊಳವೆ ಇರುತ್ತದೆ. ಒಂದು ಕಡೆಯಿಂದ ಟರೆಟ್ಟಿನ ಸ್ಕ್ರೂ ಅದನ್ನು ಒತ್ತುತ್ತದೆ, ಎದುರಿನಿಂದ ಸ್ಪ್ರಿಂಗ್ ಬಿಗಿ ಹಿಡಿಯುತ್ತದೆ. ಸ್ಪ್ರಿಂಗ್ ದುರ್ಬಲ ಇದ್ದರೆ ಆ ಕೊಳವೆ ಒಂದೊಂದು ಗುಂಡಿನ ಹೊಡೆತಕ್ಕೂ ಒಂದಿಷ್ಟು ಜರುಗುತ್ತದೆ. ಝೀರೋಗೆ ವಾಪಸ್ ತಂದು ಹೊಡೆದರೆ ಮೊದಲ ಜಾಗಕ್ಕೆ ಬರಲೇ ಇಲ್ಲ.

ಅಂಗಡಿಗೆ ಫೋನ್ ಮಾಡಿದೆ. ಸ್ಕೋಪಿನ ಮೈ ಮೇಲೆ ಅದನ್ನು ರೈಫಲ್‌ಗೆ ಹಿಡಿಸುವ ರಿಂಗ್ ಕೂರಿಸಿದ ಗುರುತಿದೆ, ಬಳಸಿದ ಮಾಲು, ವಾಪಸ್ ಇಲ್ಲ ಅಂದರು. ಕೂರಿಸದೆ ಪರೀಕ್ಷೆ ಮಾಡುವುದು ಹೇಗೆ ಸ್ವಾಮಿ? ವಾರಂಟಿಗೆ ಕಂಪನಿಯನ್ನೇ ಕೇಳಿದರೆ, ಆ ಸೀರಿಯಲ್ ನಂಬರ್ ನಮ್ಮದಲ್ಲ ಅಂತ ಉತ್ತರ ಬಂತು. ನಕಲಿ ಮಾಲು! ಅಡುಗೆಮನೆ ತಕ್ಕಡಿಯಲ್ಲಿ ಇಟ್ಟು ನೋಡಿದರೆ ಕಂಪನಿ ಹೇಳುವ ತೂಕಕ್ಕಿಂತ ನೂರು ಗ್ರಾಂ ಹತ್ತಿರ ಕಡಿಮೆ.

ಹಾಗಾಗಿ ಪೆಟ್ಟಿಗೆ ಬಿಚ್ಚಿದ ದಿನವೇ ತೂಕ ನೋಡಿ, ಸೀರಿಯಲ್ ನಂಬರನ್ನು ಕಂಪನಿಗೇ ಕಳಿಸಿ ಕೇಳಿ. ಕೊಳ್ಳುವ ಮೊದಲು ಎರಡು ಮಾತು ಈಮೇಲ್‌ನಲ್ಲಿ ಬರೆಸಿಕೊಳ್ಳಿ: ನೀವು ಕಂಪನಿಯ ಅಧಿಕೃತ ಡೀಲರಾ, ರಿಂಗ್ ಹಾಕಿ ಪರೀಕ್ಷೆ ಮಾಡಿದ ಮೇಲೂ ವಾಪಸ್ ತಗೋತೀರಾ. ಹಾರಿಕೆಯ ಉತ್ತರ ಬಂದರೆ ಆ ಅಂಗಡಿ ಬಿಟ್ಟುಬಿಡಿ.

ಜೂಮ್ ನೋಡಿ ಮರುಳಾಗಬೇಡಿ. 50 ಪಟ್ಟು ದೊಡ್ಡದು ಮಾಡಿದರೆ ಬಿಸಿಲಲ್ಲಿ ನೆಲದಿಂದ ಏಳುವ ಮಿರಾಜ್ ಕೂಡ ಅಷ್ಟೇ ದೊಡ್ಡದಾಗಿ ಕಾಣುತ್ತದೆ, ಬಹಳ ಸಲ ಇಳಿಸಿಕೊಂಡೇ ಹೊಡೆಯಬೇಕು. ದೂರ ಮೊದಲೇ ಗೊತ್ತಿರುವ ಎಫ್-ಕ್ಲಾಸಿಗೆ ಸೆಕೆಂಡ್ ಫೋಕಲ್ ಪ್ಲೇನ್ ಅನ್ನುವ ಬಗೆಯ ಸ್ಕೋಪ್ ಸಾಕು. ಅದರಲ್ಲಿ ಜೂಮ್ ಏರಿಸಿದರೂ ಗುರಿಯ ಗೆರೆ ದಪ್ಪ ಆಗದೆ ಎಕ್ಸ್ ಮುಚ್ಚಿಹೋಗುವುದಿಲ್ಲ. ಕ್ಲಿಕ್ ಮಾತ್ರ ಎಂಟನೇ ಒಂದು ಎಂಓಎ ಇರುವುದನ್ನೇ ನೋಡಿ. ಕಾಲು ಎಂಓಎ ಆದರೆ ಸಾವಿರ ಗಜದಲ್ಲಿ ಒಂದು ಕ್ಲಿಕ್ಕಿಗೆ 2.6 ಇಂಚು ಹಾರುತ್ತದೆ, ಐದಿಂಚಿನ ಎಕ್ಸ್‌ಗೆ ಅದು ತುಂಬಾ ಜಾಸ್ತಿ.

ಇನ್ನೊಂದು, ಊರಿಂದ ಯಾರಾದರೂ "ಬರುವಾಗ ಒಂದು ಸ್ಕೋಪ್ ತಗೊಂಡು ಬಾ" ಅಂದರೆ ಸುಮ್ನೆ ಸೂಟ್‌ಕೇಸಿಗೆ ಹಾಕಿಕೊಂಡು ಹೊರಡಬೇಡಿ. ರೈಫಲ್ ಸ್ಕೋಪ್ ಅಮೆರಿಕದ ರಫ್ತು ನಿಯಂತ್ರಣ ಪಟ್ಟಿಯಲ್ಲಿದೆ, ಮೊದಲು ಲೈಸೆನ್ಸ್ ವಿಷಯ ವಿಚಾರಿಸಿಕೊಳ್ಳಿ.

ನನ್ನ ದುಡ್ಡು ಕೊನೆಗೆ ವಾಪಸ್ ಬಂದಿದ್ದು ಕ್ರೆಡಿಟ್ ಕಾರ್ಡ್ ಬ್ಯಾಂಕಿನ ಮೂಲಕ, ಅಂಗಡಿಯಿಂದಲ್ಲ. ಕಂಪನಿಯ ಸೀರಿಯಲ್ ನಂಬರ್ ಉತ್ತರ, ತಕ್ಕಡಿಯ ಫೋಟೋ, ಕಾಗದದ ಮೇಲೆ ಟೇಪು ಇಟ್ಟು ತೆಗೆದ ಫೋಟೋ, ಮೂರನ್ನೂ ಬ್ಯಾಂಕಿಗೆ ಕಳಿಸಿದೆ. ಈ ಥರದ ಮಾಲಿಗೆ ಡೆಬಿಟ್ ಕಾರ್ಡ್, ನೇರ ವರ್ಗಾವಣೆ ಬೇಡ. ಕ್ರೆಡಿಟ್ ಕಾರ್ಡಿನಲ್ಲೇ ಕೊಡಿ, ದೂರು ಕೊಡುವ ಗಡುವು ಮುಗಿಯುವ ಮೊದಲೇ ಟಾಲ್ ಟಾರ್ಗೆಟ್ ಹೊಡೆದುಬಿಡಿ.