ಒಂದೇ ಕಂಪನಿಯ ಕೈಲಿರುವ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವ ಮುಂಚೆ ಇದನ್ನು ಓದಿ

ಶಿವಮೊಗ್ಗ ಕಡೆಯ ಒಂದು ಅಡಿಕೆ ಮಂಡಿಗೆ ಲೆಕ್ಕದ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ರಾಶಿ, ಬೆಟ್ಟೆ, ಗೊರಬಲು ಅಂತ ಅಡಿಕೆಯ ಒಂದೊಂದು ಬಗೆಗೆ ಬೇರೆ ಬೇರೆ ತೂಕ, ರೈತರಿಗೆ ಕೊಟ್ಟ ಮುಂಗಡ, ಕೊನೆಗೆ ಪಟ್ಟಿ ಪ್ರಿಂಟ್. ಆರಿಸಿಕೊಂಡ ಭಾಷೆ ಒಂದು ಕಂಪನಿಯದು. ಫಾರಂ ಎಳೆದು ಇಟ್ಟರೆ ಸಾಕು, 15 ದಿನಕ್ಕೆ ಕೆಲಸ ಮುಗಿಯಿತು. ಆ ಭಾಷೆಗೆ ಕಂಪೈಲರ್ (ಬರೆದ ಕೋಡನ್ನು ಕಂಪ್ಯೂಟರ್ ನಡೆಸುವ ಹಾಗೆ ಮಾರ್ಪಡಿಸುವ ಪ್ರೋಗ್ರಾಂ) ಮಾಡುವವರು ಬೇರೆ ಯಾರೂ ಇಲ್ಲ ಅನ್ನೋದು ಆಗ ದೊಡ್ಡ ವಿಷಯ ಅನ್ನಿಸಲೇ ಇಲ್ಲ.

ಆರು ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೆ ಸೀಸನ್ ಮಧ್ಯೆ ಮಂಡಿಯ ಕಂಪ್ಯೂಟರ್ ಕೆಟ್ಟಿತು. ಬ್ಯಾಕಪ್ ಇತ್ತು, ಹೊಸ ಕಂಪ್ಯೂಟರ್ ತಂದೆವು. ಆದರೆ ಪ್ರೋಗ್ರಾಂ ಶುರುವಾಗಬೇಕಾದರೆ ಕಂಪನಿಯ ಸರ್ವರ್ ಲೈಸೆನ್ಸ್ ಒಪ್ಪಬೇಕು. ಕಂಪನಿ ಕೈ ಬದಲಾಗಿತ್ತು, ಸರ್ವರ್ ನಿಂತಿತ್ತು. ಫೋನ್ ಮಾಡಿದರೆ "ಆ ಪ್ರಾಡಕ್ಟ್ ಈಗ ಇಲ್ಲ ಸರ್" ಅಂದರು. ನನ್ನ ಕೋಡನ್ನಾದರೂ ನೋಡೋಣ ಅಂತ ನೋಟ್‌ಪ್ಯಾಡಿನಲ್ಲಿ ತೆರೆದರೆ ಬರೀ ಚೌಕಗಳು. ಕೋಡೂ, ರೈತರ ಬಾಕಿಯೂ ಅವರದ್ದೇ ಬಗೆಯ ಫೈಲಿನೊಳಗೆ.

"ನಾಳೆ ಟೆಂಡರ್ ಇದೆ ಮಾರಾಯ, ಯಾರಿಗೆ ಎಷ್ಟು ಕೊಡಬೇಕು ಹೇಳು" ಅಂತ ಯಜಮಾನರು ಕೇಳಿದಾಗ ನನ್ನ ಬಳಿ ಉತ್ತರ ಇರಲಿಲ್ಲ. ಪುಣ್ಯಕ್ಕೆ ಹಳೆಯ ಪಟ್ಟಿಗಳ ಕಾರ್ಬನ್ ಪ್ರತಿ ಕಟ್ಟಿಟ್ಟಿದ್ದರು. ಮೂರು ಜನ ಕೂತು ಅದನ್ನೆಲ್ಲ ಟೈಪ್ ಮಾಡಲು 19 ದಿನ ಹಿಡಿಯಿತು.

ದೊಡ್ಡ ಕಂಪನಿಯ ಭಾಷೆಯಾದರೆ ತೊಂದರೆ ಇಲ್ಲ ಅಂದುಕೊಳ್ಳಬೇಡಿ. ಮೈಕ್ರೋಸಾಫ್ಟ್‌ನ 1998ರ ವಿಷುಯಲ್ ಬೇಸಿಕ್ 6 ನೆನಪಿದೆ ಅಲ್ವಾ? 2002ರಲ್ಲಿ ಅದೇ ಕಂಪನಿಯ ಹೊಸ ವ್ಯವಸ್ಥೆ ಡಾಟ್‌ನೆಟ್ ಬಂದಾಗ ಹಳೆಯ ಕೋಡ್ ಅದರಲ್ಲಿ ಹಾಗೇ ಓಡಲಿಲ್ಲ. 2008ಕ್ಕೆ ವಿಷುಯಲ್ ಬೇಸಿಕ್ 6ರ ಎಡಿಟರ್‌ಗೆ ಬೆಂಬಲವೂ ನಿಂತಿತು. ಈಗ ಸಿ ಭಾಷೆ ನೋಡಿ. 1989ರಲ್ಲಿ ಅಮೆರಿಕದ ಮಾನದಂಡ ಸಂಸ್ಥೆ ಆನ್ಸಿ, 1990ರಲ್ಲಿ ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆ ಐಎಸ್‌ಒ ಅದಕ್ಕೆ ಮಾನದಂಡ ಗೊತ್ತುಮಾಡಿದವು. ಅಂದಿನ ನಿಯಮಕ್ಕೆ ಸರಿಯಾಗಿ ಬರೆದ ಕೋಡನ್ನು ಇವತ್ತಿಗೂ ಜಿಸಿಸಿ ಅನ್ನೋ ಕಂಪೈಲರ್ ತಗೊಳ್ಳುತ್ತದೆ, ಕ್ಲ್ಯಾಂಗ್ ಅನ್ನೋ ಇನ್ನೊಂದು ಕಂಪೈಲರ್ ಕೂಡ ತಗೊಳ್ಳುತ್ತದೆ. ಒಬ್ಬರು ಅಂಗಡಿ ಮುಚ್ಚಿದರೆ ಇನ್ನೊಬ್ಬರಿದ್ದಾರೆ.

ಹಾಗಂತ ಮಾನದಂಡದ ಹೆಸರು ಕೇಳಿ ಸುಮ್ನೆ ನಂಬಬೇಡಿ. ಮೈಕ್ರೋಸಾಫ್ಟ್‌ನ ಸಿ ಶಾರ್ಪ್ ಭಾಷೆಗೆ ಎಕ್ಮಾ ಅನ್ನೋ ಸಂಸ್ಥೆಯ ಮಾನದಂಡ ಇದೆ, ಆದರೆ ವಿಂಡೋಸ್ ಫಾರಂಗಳ ಲೈಬ್ರರಿ ಅದರಲ್ಲಿ ಸೇರಿಲ್ಲ. ಪೈಥಾನ್‌ಗೆ ಐಎಸ್‌ಒ ಮುದ್ರೆ ಇಲ್ಲ, ಆದರೂ ಅದರ ಮೂಲ ಕೋಡ್ ಎಲ್ಲರಿಗೂ ಸಿಗುತ್ತದೆ, ಯಾರೂ ಬೀಗ ಹಾಕಲಾರರು. ಮಂಡಿಗೆ ಮತ್ತೆ ಬರೆದದ್ದು ಪೈಥಾನ್‌ನಲ್ಲೇ, ಲೆಕ್ಕವೆಲ್ಲ ಎಸ್‌ಕ್ಯೂಲೈಟ್ ಅನ್ನೋ ಮುಕ್ತ ಡೇಟಾಬೇಸ್‌ನಲ್ಲಿ.

ನೀವು ಈಗಾಗಲೇ ಇಂಥ ಭಾಷೆಯಲ್ಲಿ ಸಿಕ್ಕಿಕೊಂಡಿದ್ದರೆ, ಪ್ರೋಗ್ರಾಂ ನಡೆಯುತ್ತಿರುವಾಗಲೇ ಲೆಕ್ಕವನ್ನೆಲ್ಲ ನೋಟ್‌ಪ್ಯಾಡಿನಲ್ಲೂ ಓದಬಹುದಾದ ಸಿಎಸ್‌ವಿ ಫೈಲಿಗೆ ತೆಗೆದಿಡಿ. ಇವತ್ತೇ ಮಾಡಿ. ನಮಗೆ ಆ ಹಳೆಯ ಕಂಪ್ಯೂಟರ್ ಇನ್ನೊಂದೇ ದಿನ ನಡೆದಿದ್ದರೂ ಸಾಕಿತ್ತು.